ಒಕ್ಕಲು ಮುಗಿಸಿದ ಬಸ್ಸಿಗೆ ಬೀಗ ಜಡಿದವರಿಗೆ

ವಾಹನಗಳ ಜಾತಕ ಬರೆಯುವ ಮಾನ್ಯ ಸಾರಿಗೆ ಅಧಿಕಾರಿಗಳೇ,

ನಿಮ್ಮ ಕಚೇರಿಯ ಅಂಗಳದಲ್ಲಿ ನಲವತ್ತೊಂದು ದಿನಗಳಿಂದ ಒಬ್ಬ ಮನುಷ್ಯನ ಮನೆ ಬಿಸಿಲಿಗೆ ಒಣಗುತ್ತಿದೆ. ಬೀಗ ಹಾಕಿದವರು ನೀವು. ಹಾಕುವಾಗ ಅದನ್ನು ವಾಹನ ಎಂದಿರಿ. ಬಿಡಿ ಎಂದು ಕೇಳಿದಾಗ ಮನೆ ಎಂದಿರಿ. ವಾಹನವಾದರೆ ತಪಾಸಣೆ ಮಾಡಿ ನೋಂದಣಿ ಕೊಡಿ. ಮನೆಯಾದರೆ ಮುಟ್ಟುಗೋಲು ಹಾಕಲು ನೀವು ಯಾರು? ಇಷ್ಟಕ್ಕೆ ಉತ್ತರ ಕೊಟ್ಟಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಮೂರು ಅರ್ಜಿ ಕೊಟ್ಟೆ, ಮೂರಕ್ಕೂ ಸೀಲು ಬಿತ್ತು, ಸೊಲ್ಲು ಬರಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನೂ ಕಚೇರಿಯ ವಿಳಾಸವನ್ನೂ ಬರೆಯುವುದಿಲ್ಲ. ಓದಿದಾಗ ಯಾರಿಗೆ ಬೆವರುತ್ತದೋ ಅವರಿಗೇ ಇದು.

ನಾನು ಬೆಳ್ಳಾರೆಯಲ್ಲಿ ಸೀಟು ಹೊಲಿಯುವವ. ಜೀಪು, ರಿಕ್ಷಾ, ಬಸ್ಸುಗಳ ಕುಶನ್ ಕೆಲಸ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ್ದರಿಂದ ಅದರ ಜೊತೆ ಇನ್ನೊಂದು ಕೆಲಸವೂ ಗಂಟು ಬಿತ್ತು: ಗಾಡಿಗಳ ಹಿಂಭಾಗಕ್ಕೆ ಪ್ರಾಸ ಕಟ್ಟಿ ಅಕ್ಷರ ಅಂಟಿಸುವುದು. ಪುತ್ತೂರು, ಸುಳ್ಯ, ಕಡಬದ ರಸ್ತೆಗಳಲ್ಲಿ ನಿಮ್ಮ ಜೀಪಿನ ಮುಂದೆ ಯಾವುದಾದರೂ ರಿಕ್ಷಾ ಸಾಲೊಂದನ್ನು ಬೆನ್ನಿಗೆ ಹೊತ್ತು ಹೋಗುತ್ತಿದ್ದರೆ, ಅದು ನನ್ನದಾಗಿರುವ ಸಾಧ್ಯತೆ ಹೆಚ್ಚು. ನೀವು ನನ್ನ ಓದುಗರು, ಮಾನ್ಯರೇ. ಅದೊಂದು ದುಃಖ.

ಈಗ ಆ ಮನೆಯ ಯಜಮಾನನ ವಿಷಯ. ತೀರ್ಥರಾಮ, ನಮ್ಮ ತೀರ್ಥಣ್ಣ, ಐವರ್ನಾಡಿನ ಕಡೆಯವರು. ಹದಿನಾಲ್ಕು ವರ್ಷ ಒಂದೇ ಶಾಲೆಯ ಒಂದೇ ಬಸ್ಸನ್ನು ಓಡಿಸಿದರು. ಬೆಳಿಗ್ಗೆ ಐವರ್ನಾಡಿನಿಂದ ಮಕ್ಕಳನ್ನು ತಂದು ಬೆಳ್ಳಾರೆಯಲ್ಲಿ ಇಳಿಸುವುದು, ಆಮೇಲೆ ಕಾಣಿಯೂರಿನ ತನಕ ಹೋಗಿ ಅಲ್ಲಿನವರನ್ನು ತರುವುದು. ಸಂಜೆ ಅದೇ ತಿರುವುಮುರುವು. ಪರ್ಮಿಟ್ ಕಾಣಿಯೂರಿಗೆ ಮುಗಿಯುತ್ತಿತ್ತು, ತೀರ್ಥಣ್ಣನ ಪ್ರಪಂಚವೂ ಅಲ್ಲಿಗೇ. ಹದಿನಾಲ್ಕು ವರ್ಷದಲ್ಲಿ ಒಂದು ಫರ್ಲಾಂಗ್ ಮುಂದೆ ಹೋದವರಲ್ಲ. ಒಮ್ಮೆ ಮಾಸ್ತರರೊಬ್ಬರು, "ಸವಣೂರಿನವರೆಗೆ ಬಿಟ್ಟುಬಿಡಿ ತೀರ್ಥರಾಮ, ಯಾರು ನೋಡ್ತಾರೆ?" ಎಂದದ್ದಕ್ಕೆ, "ಪರ್ಮಿಟ್ ನೋಡ್ತದೆ ಮಾಸ್ಟ್ರೆ" ಎಂದು ಇಂಜಿನ್ ಆಫ್ ಮಾಡಿದ ಮನುಷ್ಯ. ನಿಮ್ಮ ಇಲಾಖೆಗೆ ಹರಕೆ ಹೊತ್ತರೂ ಸಿಗದಂಥ ಚಾಲಕ.

ಆ ದಾರಿಯಲ್ಲಿ ಒಂದು ಮರದ ಕೊಂಬೆ ರಸ್ತೆಗೆ ಬಾಗಿತ್ತು. ನನ್ನ ಮಗಳು ಹಸ್ನಾ ಎರಡನೇ ಕ್ಲಾಸಿನಲ್ಲಿದ್ದಾಗ ಅದು ಕಿಟಕಿಯೊಳಗೆ ನುಗ್ಗಿ ಅವಳ ಹಣೆಗೆ ಮೂರು ಹೊಲಿಗೆ ಹಾಕಿಸಿತು. ತೀರ್ಥಣ್ಣ ರಸ್ತೆಯವರಿಗೆ ಬರೆದರು. ಮರ ಅರಣ್ಯದವರದ್ದು ಎಂದು ಉತ್ತರ. ಅರಣ್ಯದವರಿಗೆ ಬರೆದರು, ರಸ್ತೆ ರಸ್ತೆಯವರದ್ದು ಎಂದು ಉತ್ತರ. ಎರಡು ತಿಂಗಳು ಕಾದು, ಒಂದು ಭಾನುವಾರ ಅವರೇ ಕತ್ತಿ ಹಿಡಿದು ಬಸ್ಸಿನ ಮಾಡಿಗೆ ಹತ್ತಿದರು. ಕೊಂಬೆ ಬಿತ್ತು. ಅದರೊಟ್ಟಿಗೆ ಅವರೂ ಬಿದ್ದರು. ಸೊಂಟದಿಂದ ಕೆಳಗೆ ಅವರಿಗೆ ಏನೂ ಗೊತ್ತಾಗದೆ ಈಗ ನಾಲ್ಕು ವರ್ಷ. ಆ ಕೊಂಬೆ ಯಾವ ಇಲಾಖೆಗೆ ಸೇರಿದ್ದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದು ನಿಮ್ಮ ಇಲಾಖೆಯಲ್ಲ, ಗೊತ್ತುಂಟು. ಆದರೆ ಗುಣ ನೋಡಿದರೆ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತೀರಿ.

ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಂಬುಲೆನ್ಸ್ ಬಂದರೆ ತೀರ್ಥಣ್ಣ ಗೋಡೆಯ ಕಡೆ ಮುಖ ಮಾಡುತ್ತಿದ್ದರು. "ಅದ್ರಲ್ಲಿ ಕಿಟಕಿ ಉಂಟಾ? ಇಲ್ಲ. ಕಿಟಕಿ ಇಲ್ಲದ ಗಾಡಿಯಲ್ಲಿ ಹೋದವ ಸಾಮಾನು ಮಾರಾಯ, ಪ್ಯಾಸೆಂಜರ್ ಅಲ್ಲ." ಕೂರಲು ಬೆನ್ನು ಬಿಡದ್ದರಿಂದ ಕಾರು ಇಲ್ಲ, ಬಸ್ಸು ಇಲ್ಲ. ನಾಲ್ಕು ವರ್ಷ ಮಾಡಿನ ಹಂಚು ಎಣಿಸುತ್ತ ಮಲಗಿದರು. ಹದಿನೈದು ವರ್ಷ ತುಂಬಿದ ಆ ಬಸ್ಸನ್ನೂ ಶಾಲೆಯವರು ಮೂಲೆಗೆ ತಳ್ಳಿದ್ದರು. ಅದರಲ್ಲಿ ಹತ್ತಿ ಇಳಿದು ದೊಡ್ಡವರಾದ ಮಕ್ಕಳು ಸೇರಿ ಅದನ್ನು ತೆಗೆದುಕೊಂಡು ತೀರ್ಥಣ್ಣನ ಹೆಸರಿಗೆ ಮಾಡಿಸಿದರು. ಒಳಗೆ ಮಂಚ, ಅಡಿಗೆ ಕಟ್ಟೆ, ಮಲಗಿದವರಿಗೂ ಒದಗುವ ಕಕ್ಕಸು, ಹಾಸಿಗೆ ಸಮೇತ ಏರಿಸುವ ಹಲಗೆ, ಇಷ್ಟು ಮಾಡಿ ಗಂಡ ಹೆಂಡತಿ ಊರು ಸುತ್ತುವಂಥ ಮನೆ ಮಾಡುವುದು ಎಂದು ತೀರ್ಮಾನ. ಹಾಸಿಗೆಯ ಕೆಲಸ ನನ್ನ ಪಾಲಿಗೆ ಬಂತು. ಮಂಚದ ಎತ್ತರ ಎಷ್ಟಿರಬೇಕೆಂದು ನಾನೇ ಹಲಗೆ ಮೇಲೆ ಮಲಗಿ, ಕಣ್ಣಿಗೂ ಕಿಟಕಿಗೂ ಸರಿಯಾಗುವ ತನಕ ಏರಿಸಿ ಇಳಿಸಿ ನೋಡಿದೆ. ಮಗಳ ಹಣೆಯ ಮೂರು ಹೊಲಿಗೆಗೆ ಬದಲಾಗಿ ನಾನು ಹಾಕಿದ ಹೊಲಿಗೆಗಳನ್ನು ಎಣಿಸಿಲ್ಲ.

ಇದೆಲ್ಲ ನಿಮಗೆ ಗೊತ್ತಿಲ್ಲದೆ ನಡೆಯಿತೇ? ಚಿತ್ರ ಬರೆದ ಅರ್ಜಿ ಹಿಡಿದು ನಾನು ಮೊದಲೇ ಬಂದಿದ್ದೆ. ನೀವು ಚಿತ್ರವನ್ನು ಅಡಿಮೇಲು ಹಿಡಿದು ನೋಡಿ, "ಮಾಡಿ ತನ್ನಿ, ನೋಡುವ" ಎಂದಿರಿ. ಶಾಲೆಯ ಹಳದಿ ಬಣ್ಣ ಇರಬಾರದು ಎಂದಿರಿ, ತೆಗೆದೆವು. (ಮಂಚದ ಪಕ್ಕ ಒಳಗಡೆ ಒಂದು ಅಂಗೈಯಷ್ಟು ಬಿಟ್ಟಿದ್ದೇವೆ, ತೀರ್ಥಣ್ಣ ಕೇಳಿದ್ದಕ್ಕೆ. ಕೇಸು ಹಾಕುವುದಿದ್ದರೆ ಅದಕ್ಕೂ ಹಾಕಿ.) ಬಾಯಿಮಾತನ್ನು ನಂಬಿ ಬರಹದಲ್ಲಿ ತೆಗೆದುಕೊಳ್ಳದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಗ್ಯಾಸಿನ ಅಂಡೆಗೆ ಹೊರಗಿನಿಂದ ಬಾಗಿಲು ಬೇಕು ಎಂದು ನಿಮ್ಮ ಇನ್ಸ್‌ಪೆಕ್ಟರರು ಹೇಳಿದ್ದೂ ಸರಿಯೇ. ಅದು ಒಂದು ದಿನದ ಕೆಲಸ. ಬಸ್ಸು ಕೊಟ್ಟರೆ ತಾನೇ ಬಾಗಿಲು ಇಡುವುದು?

ಆದರೆ ನಮ್ಮ ದೊಡ್ಡ ತಪ್ಪು ಬೇರೆಯೇ. ಅದು ನಮ್ಮ ಊರಿನವರಿಗೆ ಮಾತ್ರ ಬರುವಂಥ ಬುದ್ಧಿ. ತೀರ್ಥಣ್ಣನ ಹೆಂಡತಿ ಸೇವಂತಕ್ಕ ಹೇಳಿದರು: "ಮನೆ ಅಂದ ಮೇಲೆ ಒಕ್ಕಲು ಆಗದೆ ಒಳಗೆ ಮಲಗುದು ಹೇಗೆ? ನಾಲ್ಕು ಜನಕ್ಕೆ ಊಟ ಹಾಕದ ಮನೆಯಲ್ಲಿ ನಾನು ಒಲೆ ಹಚ್ಚುದಿಲ್ಲ." ಸರಿ, ಒಕ್ಕಲು; ನಿಮ್ಮ ಕಡತದ ಭಾಷೆಯಲ್ಲಿ ಗೃಹಪ್ರವೇಶ. ಭಟ್ಟರು ಬಂದರು. ನನ್ನ ಫೋಮು, ರೆಕ್ಸಿನ್ ನೋಡಿ, "ಗಣಹೋಮ ಒಳಗೆ ಬೇಡ, ಪೂರ್ಣಾಹುತಿಗೆ ಬಸ್ಸೇ ಆದೀತು" ಎಂದು ಅಂಗಳದಲ್ಲಿ ಕುಂಡ ಹಾಕಿಸಿದರು. ಆಮೇಲೆ ಬಾಗಿಲು ಪೂರ್ವಕ್ಕೆ ಇರಬೇಕು ಎಂದರು. ಸ್ಟಿಯರಿಂಗಿನಲ್ಲಿದ್ದ ನನ್ನ ಭಾವ ಕುಂಞಿ ಮೋನು, ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತು ವರ್ಷ ಟ್ರೈಲರ್ ಓಡಿಸಿದವನು, "ಅದಕ್ಕೆಂತ ಭಟ್ರೆ, ಸ್ವಲ್ಪ ಸರೀರಿ" ಎಂದು ಹಿಂದೆ ತೆಗೆದು, ತಿರುಗಿಸಿ, ಬಾಗಿಲನ್ನು ಪೂರ್ವಕ್ಕೆ ಇಟ್ಟ. ರಿವರ್ಸ್ ಗೇರಿನಲ್ಲಿ ವಾಸ್ತು ದೋಷ ಪರಿಹಾರವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಳಗೆ ಹಾಲು ಉಕ್ಕಿತು. ತೀರ್ಥಣ್ಣ ಮಂಚದಿಂದಲೇ, "ಹ್ಯಾಂಡ್‌ಬ್ರೇಕ್ ಹಾಕಿದ್ದೀರಾ?" ಎಂದು ಕೇಳಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಸೇವಂತಕ್ಕ, "ಮಾಡಿ ತನ್ನಿ ಅಂತ ಹೇಳಿದ ಸಾಹೇಬ್ರಿಗೆ ಹೇಳಿಕೆ ಆಗದಿದ್ರೆ ಹೇಗೆ ಶಾಫಿ? ಮರ್ಯಾದೆ ಅಲ್ವಾ?" ಎಂದರು. ಮುದ್ರಿಸಿದ ಆಮಂತ್ರಣದ ಕಾಗದ ಹಿಡಿದು ಕಚೇರಿಗೆ ಬಂದು, ನಿಮ್ಮ ಕೈಯಲ್ಲೇ ಕೊಟ್ಟವನು ನಾನು. ಅದರ ಮೇಲಿನ ಸಾಲೂ ನನ್ನದೇ:

ಗಾಲಿಯ ಮೇಲೆ ಗೋಡೆ, ಗೋಡೆಗೆ ಗಾಜಿನ ಕಣ್ಣು;
ಹಾಲು ಉಕ್ಕುವ ಹೊತ್ತಿಗೆ ಬನ್ನಿ, ಊಟಕ್ಕೆ ಪಾಯಸ, ಹಣ್ಣು.

ನೀವು ಬರಲಿಲ್ಲ. ನಿಮ್ಮ ಕಚೇರಿಯಿಂದ ಇಬ್ಬರು ಬಂದರು. ಪಾಯಸ ಎರಡೆರಡು ಸಲ ಹಾಕಿಸಿಕೊಂಡರು. ಬೇಸರವಿಲ್ಲ. ಆದರೆ ನಮ್ಮ ಕಾಗದ ನಿಮ್ಮ ಕಡತ ಸೇರಿತು. ಈಗ ನೋಟಿಸಿನಲ್ಲಿ ಬರೆದಿದ್ದೀರಿ: "ಸದರಿ ಬಸ್ಸಿನ ಒಳಗೆ ಹಾಲು ಉಕ್ಕಿಸಿ ಗೃಹಪ್ರವೇಶ ನೆರವೇರಿಸಿರುವುದು ಲಗತ್ತಿಸಿದ ಆಮಂತ್ರಣ ಪತ್ರಿಕೆಯಿಂದ ದೃಢಪಟ್ಟಿರುವುದರಿಂದ, ಇದು ವಾಸದ ಮನೆಯಾಗಿದ್ದು, ವಾಹನವೆಂದು ನೋಂದಾಯಿಸಲು ಅವಕಾಶವಿರುವುದಿಲ್ಲ." ಮಾನ್ಯರೇ, ಹೊಸ ಲಾರಿ ತಂದವ ಚಕ್ರದ ಅಡಿ ಲಿಂಬೆಹುಳಿ ಇಡುತ್ತಾನೆ. ಅದನ್ನು ಉಪ್ಪಿನಕಾಯಿ ಭರಣಿ ಎಂದು ನೋಂದಾಯಿಸುತ್ತೀರಾ?

ಮನೆಯಾದರೆ ಮನೆ ನಂಬ್ರವಾದರೂ ಸಿಗಲಿ ಎಂದು ಪಂಚಾಯತಿಗೆ ಹೋದೆ. ಯಾವ ಪಂಚಾಯತಿ ಎಂಬುದು ಬೇಡ. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿ, "ಸರ್ವೆ ನಂಬ್ರ ಎಷ್ಟು?" ಎಂದರು.

"ನಂಬ್ರ ಪ್ಲೇಟ್ ಉಂಟು ಸರ್, ಸರ್ವೆ ನಂಬ್ರ ಇಲ್ಲ."

"ಚಕ್ಕುಬಂದಿ ಹೇಳಿ. ಮೂಡಕ್ಕೆ ಎಂತ, ಪಡುವಕ್ಕೆ ಎಂತ?"

"ಅದು ರಸ್ತೆ ತಿರುಗಿದ ಹಾಗೆ ಬದಲಾಗ್ತದೆ ಸರ್."

ಅವರು ಪೆನ್ನು ಕೆಳಗಿಟ್ಟು, "ನಿಮಗೆ ತಮಾಷೆ ಮಾರಾಯ್ರೆ. ಚಕ್ರ ಇದ್ದದ್ದಕ್ಕೆಲ್ಲ ನಾವು ತೆರಿಗೆ ಹಾಕುದಿಲ್ಲ, ಆರ್‌ಟಿಒಗೆ ಹೋಗಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಚಕ್ರ ಇರುವುದು ಅವರಿಗೆ ಕಂಡಿತು. ಅಷ್ಟು ದೃಷ್ಟಿ ನಿಮ್ಮಲ್ಲೂ ಇದ್ದಿದ್ದರೆ ಸಾಕಿತ್ತು.

ಚುನಾವಣೆ ಬಂದರೆ ಸೋಫಾ, ಎ.ಸಿ., ಕಕ್ಕಸು ಸಮೇತದ ಬಸ್ಸುಗಳು ನಮ್ಮ ರಸ್ತೆಯಲ್ಲೇ ಧೂಳೆಬ್ಬಿಸಿ ಹೋಗುತ್ತವೆ. ಅವುಗಳ ಒಳಗೆ ಹಾಲು ಉಕ್ಕುವುದಿಲ್ಲ ನಿಜ, ಬೇರೆ ಏನೆಲ್ಲ ಉಕ್ಕುತ್ತದೆ ಎಂದು ಯಾರಾದರೂ ಬಗ್ಗಿ ನೋಡಿದ್ದೀರಾ? ಮಂಚ ಇರುವ ಗಾಡಿಯಲ್ಲಿ ಪ್ರವಾಸ ಹೋಗಿ ಎಂಬ ಸರಕಾರದ ಬಣ್ಣದ ಚಿತ್ರ ನಿಮ್ಮದೇ ಕೋಣೆಯ ಗೋಡೆಯಲ್ಲಿ ತೂಗುತ್ತದೆ. ಅದರಲ್ಲಿ ನಗುತ್ತಿರುವ ಗಂಡ ಹೆಂಡತಿಯ ಹತ್ತಿರ ಸರ್ವೆ ನಂಬ್ರ ಕೇಳಿದ್ದೀರಾ? ಕಾರಣ ನನಗೆ ಗೊತ್ತು. ಅವರ ಗಾಡಿ ಕಂಪೆನಿಯಿಂದ ಬಂದದ್ದು, ನಮ್ಮದು ಬೆಳ್ಳಾರೆಯ ವೆಲ್ಡಿಂಗಿನಿಂದ. ದೊಡ್ಡವರದ್ದು ಸವಾರಿ, ಬಡವರದ್ದು ಸುಸ್ತಾದ ಲಾರಿ. ಈ ಸಾಲನ್ನು ಯಾರಿಗಾದರೂ ಅಂಟಿಸಿ ಕೊಡುತ್ತೇನೆ.

ಏಪ್ರಿಲ್ ಎರಡನೇ ತಾರೀಕು, ತಪಾಸಣೆಗೆ ತರುವ ದಿನ, ತೀರ್ಥಣ್ಣ ತಾನೂ ಬರುತ್ತೇನೆ ಎಂದರು. ಹತ್ತಿರದ ದಾರಿ ಬೇಡ, ಕಾಣಿಯೂರಿನ ಮೇಲೆ ಹೋಗುವ ಎಂದರು. ಮಲಗಿಕೊಂಡೇ ಕುಂಞಿ ಮೋನುವಿಗೆ ಹೇಳುತ್ತಿದ್ದರು: "ತೋಡಿನ ಸಂಕ ಬಂತು, ಸೆಕೆಂಡಿಗೆ ಹಾಕು. ಇಲ್ಲಿ ತನ್ಮಯೀ ಹತ್ತುದು. ಅಲ್ಲಿ ಶಹನಾ. ಅವಳದ್ದು ಒಂದು ಚಪ್ಪಲಿ ಯಾವಾಗ್ಲೂ ಕೈಯಲ್ಲಿ." ಯಾರೂ ಇಲ್ಲದ ಆ ನಿಲ್ದಾಣಗಳಲ್ಲೆಲ್ಲ ಕುಂಞಿ ಮೋನು ನಿಲ್ಲಿಸಿ, ಬಾಗಿಲು ತೆಗೆದು, ಹಾಕಿ, ಹೊರಟ. ಯಾರೂ ಹೇಳಿಕೊಟ್ಟದ್ದಲ್ಲ. ಕಾಣಿಯೂರು ದಾಟುವಾಗ ತೀರ್ಥಣ್ಣ, "ನನ್ನ ಪರ್ಮಿಟ್ ಇಲ್ಲಿಗೆ ಮುಗೀತು" ಎಂದರು. ಮತ್ತೆ ಕಿಟಕಿಗೆ ಹಣೆ ಹಚ್ಚಿ, ಹೊಸ ಊರಿಗೆ ಬಂದವರ ಹಾಗೆ ಅಂಗಡಿಗಳ ಬೋರ್ಡು ಓದುತ್ತ ಬಂದರು.

ನಿಮ್ಮ ಅಂಗಳದಲ್ಲಿ ಅರ್ಧ ಗಂಟೆ. ನೀವು ಹೊರಗೆ ಬಂದು, "ಇವರನ್ನು ಇಳಿಸಿ, ಅನುಮತಿ ಇಲ್ಲದೆ ಮಾರ್ಪಾಡು ಮಾಡಿದ್ದಕ್ಕೆ ವಾಹನ ಸೀಜ್ ಆಗಿದೆ" ಎಂದಿರಿ.

"ಎಲ್ಲಿಗೆ ಇಳಿಸುದು ಸಾರ್?" ಎಂದ ಕುಂಞಿ ಮೋನು. "ಅವ್ರಿಗೆ ನಿಲ್ಲಿಕ್ಕೂ ಆಗುದಿಲ್ಲ, ಕೂರ್ಲಿಕ್ಕೂ ಆಗುದಿಲ್ಲ."

"ಬದಲಿ ವ್ಯವಸ್ಥೆ ಮಾಡಿಕೊಳ್ಳಿ" ಎಂದಿರಿ ನೀವು.

ಬದಲಿ ವ್ಯವಸ್ಥೆ ಎಂದರೆ ಏನೆಂದು ನೀವು ನೋಡಲಿಲ್ಲ, ಒಳಗೆ ಹೋದಿರಿ. ಗೂಡ್ಸ್ ರಿಕ್ಷಾ. ನಾವು ನಾಲ್ಕು ಜನ ಹಲಗೆಯಲ್ಲಿ ಅವರನ್ನು ಇಳಿಸಿ ಹಿಂದೆ ಮಲಗಿಸಿದೆವು. ಕಾಲು ಹೊರಗೆ ಉಳಿಯಿತು. ಸೇವಂತಕ್ಕ ಸೆರಗಿನಿಂದ ಅವರ ಮುಖಕ್ಕೆ ಬಿಸಿಲು ಮರೆಮಾಡಿ ಕೂತರು. ಆ ರಿಕ್ಷಾದ ಹಿಂದೆ ಅಂಟಿಸಿದ್ದು ನನ್ನದೇ ಸಾಲು: "ಹೊರೆ ನನ್ನದು, ಗುರಿ ದೇವರದು." ಬರೆದ ಕೈಯನ್ನು ಅವತ್ತು ಕಿಸೆಯಲ್ಲಿಟ್ಟುಕೊಂಡೆ.

ಅವತ್ತಿನಿಂದ ಅವರು ಆಸ್ಪತ್ರೆಗೂ ಇಲ್ಲ, ಅಂಗಳಕ್ಕೂ ಇಲ್ಲ. ಬೆನ್ನಿನಲ್ಲಿ ಹುಣ್ಣು ಏಳಲು ಶುರುವಾಗಿದೆ. ನೀವು ಕೊಟ್ಟ ಪರಿಹಾರ ಏನು? "ಮಂಚ, ಅಡಿಗೆ ಕಟ್ಟೆ ಕಿತ್ತು ಮೊದಲಿನಂತೆ ಸೀಟು ಅಳವಡಿಸಿ ತಂದಲ್ಲಿ ಪರಿಶೀಲಿಸಲಾಗುವುದು." ಸೀಟು ಹಾಕುವುದು ನನಗೆ ಒಂದು ವಾರದ ಕೆಲಸ ಮಾನ್ಯರೇ, ಅದು ನನ್ನ ಕಸುಬು. ಸೀಟಿನಲ್ಲಿ ಕೂರುವ ಬೆನ್ನನ್ನು ಯಾವ ವರ್ಕ್‌ಶಾಪಿನಲ್ಲಿ ಹಾಕಿಸಲಿ? ಕೊಂಬೆ ಯಾರದ್ದೆಂದು ತೀರ್ಮಾನವಾಗದೆ ಒಂದು ಬೆನ್ನು ಹೋಯಿತು. ಬಸ್ಸು ಏನೆಂದು ತೀರ್ಮಾನವಾಗುವ ಮೊದಲು ಉಳಿದದ್ದೂ ಹೋಗಬೇಕೇ?

ಬಸ್ಸಿನ ಮಾಡಿನಲ್ಲಿ ಫ್ಯಾನ್ ಕೂರಿಸಲು ಕೊರೆದ ಜಾಗ ಹಾಗೆಯೇ ಉಂಟು. ತಪಾಸಣೆ ಆದ ಮೇಲೆ ಕೂರಿಸುವ ಎಂದು ಮೇಲೆ ಟರ್ಪಾಲು ಕಟ್ಟಿದ್ದೆವು. ಪತ್ತನಾಜೆಗೆ, ಅಂದರೆ ನಮ್ಮ ತುಳುನಾಡಿನ ಮಳೆಗಾಲದ ಹೊಸ್ತಿಲಿಗೆ, ಇನ್ನು ಹನ್ನೊಂದು ದಿನ. ಅದು ಕಳೆದರೆ ನಮ್ಮ ಕಡೆಯ ಮಳೆ ನಿಮ್ಮ ಕಡತದ ಹಾಗೆ ಕೂತಲ್ಲಿ ಕೂರುವುದಿಲ್ಲ. ಹಾಸಿಗೆ, ಹಲಗೆ, ವಯರಿಂಗ್ ಎಲ್ಲ ನೀರಾಗುತ್ತದೆ.

ಆದ್ದರಿಂದ ಕೇಳುವುದು ಇಷ್ಟು. ಪತ್ತನಾಜೆಯ ಒಳಗೆ ಬೀಗ ತೆಗೆಯಿರಿ. ಏನು ಸರಿಮಾಡಬೇಕೋ ಒಂದು ಕಾಗದದಲ್ಲಿ ಬರೆದು ಕೊಡಿ, ಈ ಸಲ ಬಾಯಲ್ಲಿ ಬೇಡ. ಮಾಡಿ ತರುತ್ತೇವೆ, ನೋಡಿ, ನೋಂದಣಿ ಮಾಡಿ.

ಆಗುವುದಿಲ್ಲ ಎಂದರೆ ಅದೂ ಸರಿ. ನಿಮ್ಮ ನೋಟಿಸನ್ನು ನಾವು ಪೂರ್ತಿ ಒಪ್ಪುತ್ತೇವೆ. ಅದು ವಾಸದ ಮನೆ, ನಿಮ್ಮದೇ ಸಹಿ ಉಂಟು. ಸ್ವಂತ ಮನೆಯ ಬೀಗ ತೆಗೆದು ಒಳಗೆ ಮಲಗಲು ಯಾವ ಅಧಿಕಾರಿಯ ಅಪ್ಪಣೆಯೂ ಬೇಡ. ಪತ್ತನಾಜೆಯ ಮರುದಿನ ಬೆಳಿಗ್ಗೆ ತೀರ್ಥಣ್ಣನನ್ನು ಅದೇ ಗೂಡ್ಸ್ ರಿಕ್ಷಾದಲ್ಲಿ ತಂದು ಅದೇ ಮಂಚದಲ್ಲಿ ಮಲಗಿಸುತ್ತೇವೆ. ಸೇವಂತಕ್ಕ ಅಲ್ಲೇ ಒಲೆ ಹಚ್ಚುತ್ತಾರೆ. ಮಂಚದ ಎತ್ತರ ಅಳೆದವನು ನಾನು. ಮೊನ್ನೆ ಅರ್ಜಿ ಕೊಡಲು ಬಂದಾಗ ನೋಡಿ ಹೋದೆ, ಆ ಕಿಟಕಿಯಿಂದ ನಿಮ್ಮ ಮೇಜು ನೇರ ಕಾಣುತ್ತದೆ. ನಾಲ್ಕು ವರ್ಷ ಹಂಚು ನೋಡಿದ ಕಣ್ಣಿಗೆ ನೋಡುವ ಪುರುಸೊತ್ತು ಬೇಕಾದಷ್ಟು ಉಂಟು. ನೀವು ಬರುವುದು, ಚಹಾ ಕುಡಿಯುವುದು, ಕಡತವನ್ನು ಈ ಬದಿಯಿಂದ ಆ ಬದಿಗೆ ಇಡುವುದು, ಹೋಗುವುದು, ಎಲ್ಲ ಅವರು ನೋಡುತ್ತಾರೆ.

ಹಾಲು ಪುನಃ ಉಕ್ಕಿಸುತ್ತೇವೆ. ಹೇಳಿಕೆಗೆ ನಾನೇ ಬರುತ್ತೇನೆ. ಈ ಸಲ ನಿಮಗೆ ದೂರವಾಗುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಪಿನ್ನು ಚುಚ್ಚಿಸಿಕೊಂಡ ಪ್ರಾಸದ ಕರ್ತೃ,
ಸೀಟು ಹೊಲಿಯಲು ಬಲ್ಲ, ಸಹಿ ತರಲು ಬಲ್ಲವನಲ್ಲ,
ಶಾಫಿ, ಬೆಳ್ಳಾರೆ