ಇಪ್ಪತ್ತಕ್ಕೆ ನಾಲ್ಕು

ಮಾರ್ಚ್ 4, ಸೋಮವಾರ

ನೂರಾ ಮೂವತ್ತೆರಡು ಉತ್ತರಪತ್ರಿಕೆ. ಎಂದಿನಂತೆ ಕೆಂಪು ಪೆನ್ನು ತೆಗೆದೆ, ಮತ್ತೆ ಮುಚ್ಚಿದೆ. ಈ ಸಲ ಮೌಲ್ಯಮಾಪನ ಸಾಫ್ಟ್‌ವೇರಿನದು. ಒಂಬತ್ತು ನಿಮಿಷದಲ್ಲಿ ಮುಗಿಸಿತಂತೆ. ನನಗೆ ಹನ್ನೆರಡು ದಿನ ಹಿಡಿಯುತ್ತಿತ್ತು.

ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಕರೆದರು. ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡಿ ಮೇಡಮ್, ಮೊದಲ ವರ್ಷದ ಪಾಠ ರೆಕಾರ್ಡಿಂಗಿಗೆ ಹೋಗುತ್ತೆ. ರಾಜ್ಯಶಾಸ್ತ್ರಕ್ಕೆ ಐದು ಜನ ಯಾಕೆ ಅಂತ ಮೇಲಿನವರು ಕೇಳ್ತಿದ್ದಾರೆ. ಮಿಷಿನ್ ಕೈಲಾಗದ, ನೀವೇ ಮಾಡ್ಬೇಕಾದ ಕೆಲಸ ಏನು, ಒಂದು ಪುಟ ಬರೆದುಕೊಡಿ. ಇಪ್ಪತ್ತನೇ ತಾರೀಖಿನೊಳಗೆ."

ಇಪ್ಪತ್ತಮೂರು ವರ್ಷ ಪಾಠ ಮಾಡಿದ್ದೇನೆ. ಪುಟ ತುಂಬುತ್ತಿಲ್ಲ.

ಮಾರ್ಚ್ 6

ಅಕ್ಕನ ಟೈಲರಿಂಗ್ ಅಂಗಡಿಯಲ್ಲಿ ಕೂತು ಗೋಳು ಹೇಳಿಕೊಂಡೆ. ಹೊಲಿಗೆ ಬಿಚ್ಚುತ್ತಲೇ ಅಂದಳು: "ರೆಡಿಮೇಡ್ ಬಂದಾಗ ನನ್ ಕಥೆ ಮುಗೀತು ಅಂತ ನೀನೇ ಅತ್ತಿದ್ದೆ. ಈಗ ನೋಡು, ದಿನಾ ಬರೋದೆಲ್ಲ ಅದೇ ರೆಡಿಮೇಡು. ತೋಳು ಉದ್ದ, ಸೊಂಟ ಸಡಿಲ." ಆಮೇಲೆ ನನ್ನ ಮುಖ ನೋಡಿ, "ಆದ್ರೂ ಎರಡು ಮಿಷಿನ್ ಮಾರ್ಬೇಕಾಯ್ತು ಕಣೇ. ಅದನ್ನೂ ಹೇಳ್ಬೇಕಲ್ಲ."

ಸುಳ್ಳು ಸಮಾಧಾನ ಹೇಳದ ಅಕ್ಕ. ನನ್ನ ಪುಣ್ಯ.

ಮಾರ್ಚ್ 9, ಬೆಳಗ್ಗೆ 10

ಯಂತ್ರ ಕೊಟ್ಟ ಅಂಕ ನೋಡುತ್ತ ಕೂತೆ. ತಪ್ಪು ಹುಡುಕುವ ಆಸೆಯಿಂದಲೇ — ಸುಳ್ಳೇಕೆ. ಬಹುತೇಕ ಸರಿ. ಕೆಲವು ನನಗಿಂತ ನ್ಯಾಯವಾಗಿವೆ. ನಲವತ್ತನೆಯ ಪತ್ರಿಕೆಯ ಹೊತ್ತಿಗೆ ನನ್ನ ತಾಳ್ಮೆ ಕೆಡುತ್ತದೆ. ಅದಕ್ಕೆ ಆ ಕಾಟವಿಲ್ಲ.

ಒಂದು ಕಡೆ ನಿಂತೆ. ಇಪ್ಪತ್ತಕ್ಕೆ ನಾಲ್ಕು. ಷರಾ: "ವಿಷಯಕ್ಕೆ ಸಂಬಂಧಿಸಿಲ್ಲ." ಹಿಂದಿನ ಬೆಂಚಿನ ಬಸ್ ಡ್ರೈವರ್ ಬರೆದದ್ದು. ಮೂವತ್ತೆಂಟರ ಹೆಂಗಸು, ಬೆಳಗಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಕ್ಲಾಸಿಗೆ ಬರುತ್ತಾಳೆ. ಪ್ರಶ್ನೆ: ಪ್ರಾತಿನಿಧ್ಯ ಎಂದರೇನು? ಒಬ್ಬ ಚಿಂತಕನ ಹೆಸರೂ ಇಲ್ಲ. ಡಿಪೋದ ಡ್ರೈವರ್‌ಗಳು ತಮ್ಮ ಪರ ಮಾತಾಡಲು ಇವಳನ್ನು ಆರಿಸಿದ್ದಾರಂತೆ. ಅವರ ಬೇಡಿಕೆ — ಓವರ್‌ಟೈಮ್ ಹೆಚ್ಚಿಸಿ. ಇವಳು ಕಂಡದ್ದು — ಅವರಿಗೆ ನಿದ್ದೆಯೇ ಇಲ್ಲ. "ಅವರು ಹೇಳಿದ್ದನ್ನು ಹೇಳಲೇ, ಅವರಿಗೆ ಬೇಕಾದದ್ದನ್ನು ಹೇಳಲೇ? ನನಗೆ ಗೊತ್ತಿಲ್ಲ." ಅಲ್ಲಿಗೆ ಉತ್ತರ ಮುಗಿದಿದೆ.

ಇಡೀ ವರ್ಷ ನಾನು ಬೋರ್ಡಿನ ಮೇಲೆ ಗೀಚಿದ್ದು ಇದೇ ಪ್ರಶ್ನೆ.

ಮಾರ್ಚ್ 12

ಡ್ರೈವರಮ್ಮನನ್ನು ಕರೆಸಿದೆ. ನಾಲ್ಕನ್ನು ಹದಿನೈದು ಮಾಡಿದ್ದೇನೆ ಅಂದರೆ ನಂಬಲಿಲ್ಲ. "ಪಾಪ ಅಂತ ಕೊಡ್ತಿದ್ದೀರಾ ಮೇಡಮ್?"

"ಪಾಪ ಅನ್ಸಿದ್ರೆ ಇಪ್ಪತ್ತು ಕೊಡ್ತಿದ್ದೆ. ಯಾರು ಏನು ಹೇಳಿದ್ದಾರೆ ಅಂತ ಒಂದು ಸಾಲೂ ಬರೆದಿಲ್ಲ, ಐದು ಕತ್ತರಿಸಿದ್ದೀನಿ." ನಕ್ಕಳು. ಮೊದಲ ಸಲ.

ಅವಳನ್ನು ಕೇಳಿಕೊಂಡೇ ಆ ಪ್ರಶ್ನೆಯನ್ನು ಕ್ಲಾಸಿನ ಮುಂದಿಟ್ಟೆ. ಕ್ಲಾಸು ಎರಡು ಬಣ. "ಅವರಿಗೆ ನಿದ್ದೆ ಬೇಕು ಅಂತ ತೀರ್ಮಾನ ಮಾಡೋಕೆ ನೀವ್ಯಾರು?" ಮುಂದಿನ ಬೆಂಚಿನ ಹುಡುಗಿ ಎದ್ದೇಬಿಟ್ಟಳು. "ತೂಕಡಿಸೋ ಡ್ರೈವರ್ ಬಸ್ಸು ಹತ್ತಿ ನೋಡು, ಆಮೇಲೆ ಕೇಳು," ಎಂದಳು ಡ್ರೈವರಮ್ಮ. ಬೆಲ್ ಆದರೂ ಯಾರೂ ಏಳಲಿಲ್ಲ. ಬಾಗಿಲಾಚೆ ಮುಖ್ಯಸ್ಥರು. ಕೈಯಲ್ಲಿನ ಚಹಾ ಕೆನೆಗಟ್ಟಿತ್ತು.

ಮಾರ್ಚ್ 20

ಪುಟದಲ್ಲಿ ಆರೇ ಸಾಲು. ಆ ಕ್ಲಾಸಿನ ಕಥೆ, ಅಷ್ಟೇ. ಯಂತ್ರವನ್ನು ಬೈಯಲಿಲ್ಲ. ಹನ್ನೆರಡು ದಿನ ಉಳಿಸಿಕೊಟ್ಟದ್ದು ಅದೇ. ಇಲ್ಲದಿದ್ದರೆ ಗುಡ್ಡೆಯ ನಡುವೆ ಆ ಪತ್ರಿಕೆಯ ಮೇಲೆ ಕಣ್ಣಾಡಿಸಿ ನಾನೂ ಆರು ಕೊಟ್ಟು ಮುಂದೆ ಹೋಗುತ್ತಿದ್ದೆನೇನೋ.

ಏಪ್ರಿಲ್ 17

ತೀರ್ಮಾನ ಬಂತು. ನನಗೆ ವಾರಕ್ಕೆ ಎಂಟು ಚರ್ಚಾ ತರಗತಿ, ಒಂದೊಂದರಲ್ಲಿ ಹದಿನೈದು ಜನ. ಎರಡು ವರ್ಷದ ಮಟ್ಟಿಗೆ. "ಆಮೇಲಿಂದು ನನಗೂ ಗೊತ್ತಿಲ್ಲ," ಎಂದರು ಮುಖ್ಯಸ್ಥರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದರಲ್ಲ, ಸಾಕು.

ಎದುರು ಮೇಜಿನ ಅಂತಾರಾಷ್ಟ್ರೀಯ ಸಂಬಂಧಗಳ ಮೇಷ್ಟ್ರಿಗೆ ಅದೂ ಇಲ್ಲ. ಹನ್ನೆರಡು ವರ್ಷ ಒಂದೇ ಕೋಣೆ. "ಜಗತ್ತಿನ ಜಗಳಕ್ಕೆಲ್ಲ ದಾರಿ ಹೇಳ್ದೆ, ನಮ್ ವಿಭಾಗದ್ದು ಬಗೆಹರೀಲಿಲ್ಲ ನೋಡಿ," ಎನ್ನುತ್ತ ಪುಸ್ತಕ ಕಟ್ಟಿದರು. ಗೋಡೆಯ ಭೂಪಟ ಬಿಚ್ಚಲಿಲ್ಲ. "ಇರ್ಲಿ, ನಿಮಗೆ." ಅತ್ತದ್ದು ನಾನು.

ಜೂನ್ 10, ಮಧ್ಯಾಹ್ನ 2

ಮೊದಲ ಚರ್ಚಾ ತರಗತಿ. ಕುರ್ಚಿಗಳನ್ನು ದುಂಡಗೆ ಹಾಕಿ ಕಾಯುತ್ತಿದ್ದೇನೆ. ಮೂರು ಸಲ ಸರಿಸಿ ನೋಡಿದೆ, ಕೆಲಸಕ್ಕೆ ಸೇರಿದ ದಿನದ ಉಮೇದಿನಲ್ಲಿ. ಈ ವಯಸ್ಸಿನಲ್ಲಿ! ಇದಕ್ಕೂ ಥ್ಯಾಂಕ್ಸ್ ಹೇಳಬೇಕು, ಯಾರಿಗೆ ಅಂತ...

ಬಾಗಿಲಲ್ಲಿ ಡ್ರೈವರಮ್ಮ. ಹಿಂದೆ ಸಮವಸ್ತ್ರದಲ್ಲಿ ಇನ್ನೂ ಮೂವರು. "ನನ್ನನ್ನ ಆರಿಸಿದವ್ರು ಮೇಡಮ್. ನಾಳೆ ಆಡಳಿತದವ್ರ ಜೊತೆ ಮೀಟಿಂಗು. ನಾನು ಏನ್ ಹೇಳ್ಬೇಕು ಅಂತ ಇವತ್ತು ಇಲ್ಲೇ ಜಗಳ ಆಡ್ತಾರಂತೆ. ಕೂತ್ಕೋಬಹುದಾ?"

ಮೂರು ಕುರ್ಚಿ ಕಡಿಮೆ. ಪಕ್ಕದ ಕೋಣೆಯಿಂದ ತರಲು ಹೊರಟೆ, ಉಳಿದದ್ದು ರಾತ್ರಿ ಬರೆಯುವೆ.