ಚಾಡಿಮಾತಿಗೆ ಮೈಕು ಹಿಡಿದವರಿಗೆ

ನಮ್ಮ ತಾಲ್ಲೂಕಿನ ಶಾಲೆಗಳ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಏಳನೆಯ ತರಗತಿಯ ಮಕ್ಕಳು ಒಬ್ಬ ಸಹಪಾಠಿಯ ಬೆನ್ನ ಹಿಂದೆ ಪಿಸುಗುಡುತ್ತಿದ್ದ ಮಾತನ್ನು ನೀವು ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಹೇಳಿಸಿದಿರಿ. ಆ ಹುಡುಗಿ ಶಾಲೆ ಬಿಟ್ಟಳು. ನಿಮ್ಮ ಕಚೇರಿಯ ಪ್ರಕಾರ ಪ್ರಕರಣ ಇತ್ಯರ್ಥವಾಗಿದೆ. ಹೌದು, ಹುಡುಗಿಯೇ ಇಲ್ಲವೆಂದ ಮೇಲೆ ಪ್ರಕರಣವಾದರೂ ಎಲ್ಲಿರುತ್ತದೆ?

ಅವಳನ್ನು ಇಲ್ಲಿ ಅಮೃತಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳನ್ನು ಸಾಕಿದ ಅಜ್ಜಿಯನ್ನು ಫಕೀರವ್ವ ಎನ್ನುತ್ತೇನೆ. ಅದೂ ಅವರ ಹೆಸರಲ್ಲ. ಊರಿನ ಹೆಸರನ್ನಂತೂ ಬರೆಯುವುದೇ ಇಲ್ಲ. ಈ ಪತ್ರ ಬರೆಯಲೇ ಎಂದು ಅಜ್ಜಿಯನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಬರೀರಿ ಅಕ್ಕಾರ. ಆದ್ರ ಏನಂದ್ರು ಅನ್ನೂದು ಮಾತ್ರ ಬರೀಬ್ಯಾಡ್ರಿ." ಹಾಗಾಗಿ ಆ ಮಾತು ಏನೆಂಬುದು ಈ ಪತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ಅವಳ ತಾಯಿಯ ಕುರಿತದ್ದು, ಅದನ್ನು ಹೇಳಿದ ಯಾರೂ ಕಣ್ಣಾರೆ ಕಂಡವರಲ್ಲ, ಇದಿಷ್ಟು ಸಾಕು. ಕೊನೆಯಲ್ಲಾದರೂ ಹೇಳಿಯಾಳು ಎಂದು ಓದುತ್ತ ಹೋಗುವವರಿದ್ದರೆ ಇಲ್ಲಿಯೇ ನಿಲ್ಲಿಸಬಹುದು. ನಮಗೆಲ್ಲ ಇರುವ ಆ ತುರಿಕೆಯ ಬಗ್ಗೆಯೇ ನನ್ನ ದೂರು.

ಮಾತನ್ನು ತರಗತಿಗೆ ಹೊತ್ತುಕೊಂಡು ಹೋದವಳು ನನ್ನ ಮಗಳು ನಂದಾ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ಮಾತು ಅವಳಿಗೆ ಸಿಕ್ಕದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಸುಗ್ಗಿಯಲ್ಲಿ ಓಣಿಯ ಹೆಂಗಸರೆಲ್ಲ ಅಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಬಾಜೂ ಕೂತ ಮಕ್ಕಳಿಗೆ ಕಿವಿ ಇದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಸಂಜೆ ಕಟ್ಟೆಯ ಮೇಲೆ ಬಿದ್ದ ಮಾತು ಬೆಳಿಗ್ಗೆ ಶಾಲೆ ಮುಟ್ಟಿತು. ಬಿಸಿಯೂಟದ ಸಾಲಿನಲ್ಲಿ ಅಮೃತಾಳ ಎರಡೂ ಬದಿಗೆ ತಟ್ಟೆ ಇಡುವವರು ಇಲ್ಲವಾದರು.

ಇದನ್ನು ನನಗೆ ತಿಳಿಸಿದವರು ಅಡುಗೆಯ ಮುಮತಾಜ್ ಅವರು. ಸಾರು ಬಡಿಸುತ್ತ ಹೋದಾಗ ಆ ಖಾಲಿ ಜಾಗ ಅವರ ಕಣ್ಣಿಗೆ ಬಿದ್ದಿತ್ತು. ಆಗ ತಾಯಿಯಾದ ನಾನು ಏನು ಮಾಡಬೇಕಿತ್ತು? ನಮ್ಮ ಕಡೆ ಇದಕ್ಕೆ ಎರಡೇ ಮದ್ದು. ಒಂದು ಬೆನ್ನಿಗೆ ಗುದ್ದು. ಇನ್ನೊಂದು, "ಖರೇ ಏನ? ಯಾರ್ ಹೇಳಿದ್ರ? ಮುಂದೇನಾತು?" ಎಂದು ಮಗುವನ್ನೇ ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಳ್ಳುವುದು. ಮೊದಲನೆಯದರಿಂದ ಮಗು ನಮ್ಮ ಎದುರು ಮಾತಾಡುವುದನ್ನು ಬಿಡುತ್ತದೆ, ಮಾತಾಡುವುದನ್ನಲ್ಲ. ಎರಡನೆಯದರಿಂದ, ಸುದ್ದಿ ತಂದವರಿಗೆ ಮನೆಯಲ್ಲಿ ಮಣೆ ಹಾಕುತ್ತಾರೆ ಎಂದು ಕಲಿಯುತ್ತದೆ.

ನಾನು ಅವಳ ಬಾಜೂ ಕೂತು ಒಂದೇ ಪ್ರಶ್ನೆ ಕೇಳಿದೆ. "ಅಕಿ ಅಲ್ಲೇ ನಿಂತಿದ್ರ ಹೇಳ್ತಿದ್ದೇನವಾ?"

ನಂದಾ ತಲೆ ತಗ್ಗಿಸಿದಳು. ಆಮೇಲೆ, "ಎಲ್ಲಾರೂ ಏನರ ಒಂದು ಹೇಳ್ತಾರವ್ವಾ. ನನ್ನ ಕಡೆ ಹೇಳಾಕ ಏನೂ ಇದ್ದಿದ್ದಿಲ್ಲ" ಎಂದಳು.

ಮಾನ್ಯರೇ, ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಆ ವಯಸ್ಸಿನ ಮಕ್ಕಳೆಲ್ಲ ದುಷ್ಟತನದಿಂದ ಚಾಡಿ ಹೇಳುವುದಿಲ್ಲ. ಗುಂಪಿನೊಳಗೆ ಕೂರಲು ಒಂದು ಜಾಗ ಬೇಕು, ಆ ಜಾಗಕ್ಕೆ ಒಂದು ಸುದ್ದಿ ಬೇಕು. ಜಾಗ ಸಿಗುತ್ತದೆ. ಇನ್ನೊಬ್ಬಳದು ಹೋಗುತ್ತದೆ.

ಮರುದಿನ ನಂದಾ ಅಮೃತಾಳ ಬಾಜೂ ತಟ್ಟೆ ಇಟ್ಟಳು. ಅಮೃತಾ ತನ್ನ ತಟ್ಟೆಯನ್ನು ಅತ್ತ ಸರಿಸಿದಳಂತೆ. ಇವಳೂ ಸರಿದಳಂತೆ. "ಏನ ಬೇಕಾಗೇತಿ ನಿನಗ?" ಎಂದು ಅವಳು ಕೇಳಿದ್ದಕ್ಕೆ ನಂದಾ, "ಏನೂ ಬ್ಯಾಡ. ನಾ ಹಂಗ ಅನ್ನಬಾರದಿತ್ತು" ಎಂದಳಂತೆ. ಆ ಕ್ಷಮೆಗೆ ಸಾಕ್ಷಿಗಳಿರಲಿಲ್ಲ, ಆದ್ದರಿಂದಲೇ ಅದು ಕ್ಷಮೆಯಾಗಿತ್ತು. ಬೇರೆಯವರು ಮಾತು ತೆಗೆದರೆ, "ಅಕಿ ಇಲ್ಲಿಲ್ಲ, ಅಕಿ ಮಾತು ಬ್ಯಾಡ" ಎನ್ನಲು ನಂದಾ ಕಲಿತಳು. ಕೆಲವರು ನಕ್ಕರು, ಕೆಲವರು ಸುಮ್ಮನಾದರು. ನಮ್ಮ ಕಟ್ಟೆಯ ಮೇಲೂ ಮಕ್ಕಳೆದುರು ಇಂಥ ಮಾತು ಬೇಡ ಎಂದೆ; ನನ್ನ ಅತ್ತೆ ಸುಶೀಲವ್ವ ಮೊದಲು, "ಕೂಸುಗೋಳು ಅದಾವಂತ ನಾವೇನ ಬಾಯಿಗೆ ಹೊಲಿಗಿ ಹಾಕ್ಕೊಳ್ಳೂಣೇನ?" ಎಂದು ನನಗೇ ಗದರಿದರು. ಆಮೇಲೆ ಒಂದು ದಿನ ಯಾರೋ ಅದೇ ಮಾತನ್ನು ಕೆದಕಿದಾಗ ಅವರೇ, "ಮೆಣಸಿನಕಾಯಿ ಘಾಟ ಸಾಕವಾ, ಮತ್ತ ನಿನ್ನ ಮಾತಿನ ಘಾಟ ಬ್ಯಾರೆ ಯಾಕ?" ಎಂದುಬಿಟ್ಟರು. ಮಾತು ಸಾಯುತ್ತಿತ್ತು. ಇಂಥ ಮಾತಿಗೆ ಅದೊಂದೇ ಸದ್ಗತಿ.

ಅಷ್ಟರಲ್ಲಿ ಯಾರೋ ನಿಮಗೆ ದೂರು ಕೊಟ್ಟರು. ನಿಮ್ಮ ಸುತ್ತೋಲೆ ಬಂತು: ಮಕ್ಕಳ ನಡುವಿನ ಇಂಥ ಪ್ರಕರಣಗಳನ್ನು ಪೋಷಕರ ಸಭೆಯಲ್ಲಿ ಬಹಿರಂಗವಾಗಿ, ಪಾರದರ್ಶಕವಾಗಿ ಇತ್ಯರ್ಥಪಡಿಸತಕ್ಕದ್ದು. ಓದಿ ನಮ್ಮ ಶಾಲಾ ಸಮಿತಿಯ ಅಧ್ಯಕ್ಷ ಶಂಕ್ರಪ್ಪನವರಿಗೆ ಸಂತೋಷವೋ ಸಂತೋಷ. "ಛಲೋ ಆತು ಬಿಡ್ರಿ, ನಾಕ ಮಂದಿ ಮುಂದ ಆಗ್ಲಿ" ಎಂದರು.

ಅವರನ್ನು ನಾನು ದೂರುವುದಿಲ್ಲ. ನಾಲ್ಕು ಮಂದಿಯ ಮುಂದೆ ಆದದ್ದೇ ನ್ಯಾಯ ಎಂದು ನಂಬಿದ ಸೀಮೆ ನಮ್ಮದು. ಹೊಲದ ಬದುವಿನ ಜಗಳ, ಕಾಲುವೆ ನೀರಿನ ಪಾಳಿ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಹಾಗೆಯೇ ಬಗೆಹರಿದಿವೆ. ನಾಲ್ಕು ಮಂದಿ ಹೋಗಿ ನೋಡಿದರೆ ಬದು ಇದ್ದಲ್ಲಿಯೇ ಇರುತ್ತದೆ. ಆದರೆ ಚಾಡಿಮಾತು? ಅದನ್ನು ನಾಲ್ಕು ಮಂದಿ ಕೇಳಿದರೆ ನಾಲ್ಕು ಮನೆಗೆ ಹೋಗುತ್ತದೆ. ಈ ವ್ಯತ್ಯಾಸ ಊರಿನವರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ ಎಂದರೆ ಒಪ್ಪುತ್ತೇನೆ. ಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ಪಡೆದು, ಆ ತರಬೇತಿಯನ್ನು ಇತರರಿಗೂ ಕೊಡುವ ನಿಮಗೂ ಹೊಳೆಯಲಿಲ್ಲವೇ?

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ಧ್ವನಿವರ್ಧಕದ ಒಂದು ಬಾಯಿ ನಮ್ಮ ಕಡೆಗಿತ್ತು, ಇನ್ನೊಂದು ಬಸ್ ನಿಲ್ದಾಣದ ಕಡೆಗೆ. ಸಭೆಗೆ ಮುಂಚೆ ನಾನು ನಿಮ್ಮ ಬಳಿ ಬಂದು, ಇದನ್ನು ಒಳಗೆ ಕೂತು ಮಾತಾಡೋಣ ಎಂದು ಕೈಮುಗಿದೆ. "ಮೇಡಂ, ಮುಚ್ಚಿಡುವುದರಿಂದಲೇ ಸಮಸ್ಯೆ ಬೆಳೆಯುವುದು" ಎಂದು ನನಗೆ ತಿಳಿಹೇಳಿದಿರಿ. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಯಾರು ಏನು ಹೇಳಿದಿರೋ ಅದನ್ನು ಎಲ್ಲರ ಮುಂದೆ ಹೇಳಿ, ಕ್ಷಮೆ ಕೇಳಿ. ಹೆದರಬೇಡಿ" ಎಂದಿರಿ. ಅಮೃತಾಳನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿದ್ದಿರಿ, ಗೌರವದಿಂದ.

ಮೊದಲ ಸರದಿ ನನ್ನ ಮಗಳದು. ಮೈಕು ಬಾಯಿಯ ಹತ್ತಿರ ಬಂತು.

"ನಾ ಹೇಳೂದಿಲ್ರಿ ಸರ."

"ಯಾಕಮ್ಮಾ? ಆವತ್ತು ಹೇಳಿದೆಯಲ್ಲ?"

"ಅಕಿ ಇಲ್ಲೇ ಕುಂತಾಳ್ರಿ."

ಶಾಮಿಯಾನದಲ್ಲಿ ನಗೆ ಎದ್ದಿತು. "ಅಬಾಬಾ, ಈಗ ನಾಚಿಕಿ ಬಂತ ನೋಡ್ರಿ!" ಎಂದು ಹಿಂದಿನಿಂದ ಒಬ್ಬರು. ನೀವೂ ನಕ್ಕಿರಿ. ಮೊಂಡುತನ ಒಳ್ಳೆಯದಲ್ಲ ಎಂದು ಮೈಕಿನಲ್ಲೇ ಬುದ್ಧಿ ಹೇಳಿ ಅವಳನ್ನು ಪಕ್ಕಕ್ಕೆ ನಿಲ್ಲಿಸಿದಿರಿ. ಅಂದು ಆ ಅಂಗಳದಲ್ಲಿದ್ದ ಹಿರಿಯರೆಲ್ಲರಿಗಿಂತ ಹೆಚ್ಚು ತಿಳಿದು ಮಾತಾಡಿದವಳು ಅವಳೊಬ್ಬಳೇ ಎಂದು ನಾನು ಹೇಳಿದರೆ ತಾಯಿಯ ಮೋಹ ಎನ್ನುತ್ತೀರಿ. ಎನ್ನಿ.

ಮುಂದಿನ ಹುಡುಗಿ ಹೇಳಿದಳು. ಅವಳೂ ಮಗುವೇ, ಹೆಸರು ಬೇಡ. ಕಂಠಪಾಠ ಒಪ್ಪಿಸುವಂತೆ ಒಂದಕ್ಷರ ಬಿಡದೆ ಹೇಳಿದಳು. ಹೇಳು ಎಂದವರು ಸಾಹೇಬರು. ಪಾಪ, ಹೇಳದೇ ಏನು ಮಾಡಿಯಾಳು? ಕೊನೆಯಲ್ಲಿ ಅವಳಂದ "ತಪ್ಪಾತು" ಎಂಬುದು ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ನೀವು ಚಪ್ಪಾಳೆ ಶುರು ಮಾಡಿದ್ದಿರಿ. ಆ ಚಪ್ಪಾಳೆಯ ನಡುವೆ ಫಕೀರವ್ವ ಎದ್ದು ಬಂದು ಮೊಮ್ಮಗಳ ಕೈ ಹಿಡಿದು, "ನಡಿಯವಾ, ಹೋಗೂಣು" ಎಂದರು. ಅವರನ್ನು ಯಾರೂ ತಡೆಯಲಿಲ್ಲ.

ತರಗತಿಯ ಮೂಲೆಯಲ್ಲಿ ಸಾಯುತ್ತಿದ್ದ ಮಾತು ಅಂದು ಬಸ್ ನಿಲ್ದಾಣಕ್ಕೆ ಹೋಗಿ ಚಹಾ ಕುಡಿಯಿತು. ಮಕ್ಕಳ ಬಾಯಲ್ಲಿದ್ದಾಗ ಅದು ಚಾಡಿ. ಸಾಹೇಬರ ಸಭೆಯಲ್ಲಿ ಕೇಳಿದ್ದು ಎಂದ ಮೇಲೆ ಅದು ಸತ್ಯ. ಅದಕ್ಕೀಗ ಮೀಸೆ ಬಂದಿದೆ, ಹೆಗಲ ಮೇಲೆ ಟವೆಲ್ಲಿದೆ, ಅದು ಊರೂರು ತಿರುಗುತ್ತದೆ.

ಅಮೃತಾ ಈಗ ಬೇರೊಂದು ಊರಿನಲ್ಲಿ, ಸೋದರಮಾವನ ಮನೆಯಲ್ಲಿ ಇದ್ದಾಳೆ. ಶಾಲೆಗೆ ಹೋಗುತ್ತಿಲ್ಲ. ನಾನೂ ನಂದಾಳೂ ಹೋಗಿ ಬಂದೆವು. ನಮ್ಮನ್ನು ಕಂಡು ಅವಳು ಹೊರಗೆ ಬರಲಿಲ್ಲ. ಒಳಗೆ ಪಾತ್ರೆ ತಿಕ್ಕುವ ಸಪ್ಪಳ ಮಾತ್ರ ನಿಂತಿತು. ಅವಳ ಮಾವ ಒಳ್ಳೆಯ ಮನುಷ್ಯರು. ಚಹಾ ಕೊಟ್ಟು, "ಅಕ್ಕಾರ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ಸಾಹೇಬ್ರು ಮೈಕಿನ್ಯಾಗ ಹೇಳಿಸಿದ್ದನ್ನ ನಾವು ಹ್ಯಾಂಗ ಒರಿಸೂದು? ಸಾಲಿ ಸಾಕ್ರಿ ಅಕಿಗೆ" ಎಂದರು. ಗಣಿತದಲ್ಲಿ ತರಗತಿಗೇ ಮುಂದಿದ್ದ ಹುಡುಗಿಗೆ ಸಾಲಿ ಸಾಕಂತೆ. ಇದನ್ನು ನಿಮ್ಮ ಕಚೇರಿ ಯಾವ ಸಾಧನೆಯ ಕೆಳಗೆ ಬರೆದುಕೊಳ್ಳುತ್ತದೆ?

ನನ್ನ ಬೇಡಿಕೆ ಹೇಳುತ್ತೇನೆ. ಆ ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ. ಬೇರೆ ಊರಿನ ಯಾವ ಮಗುವೂ ಅಂಥ ಕುರ್ಚಿಯಲ್ಲಿ ಕೂರದಿರಲಿ. ಪೋಷಕರನ್ನು ಕರೆಯುವುದಿದ್ದರೆ, ಬೇರೆಯವರ ಮನೆಯ ಸುದ್ದಿ ಕೇಳಿಸುವುದಕ್ಕಲ್ಲ, ತಮ್ಮ ಮನೆಯ ಕಟ್ಟೆಯ ಮೇಲೆ ತಾವೇನು ಆಡುತ್ತೇವೆ ಎಂದು ಯೋಚಿಸುವುದಕ್ಕೆ ಕರೆಯಿರಿ. ಅದಕ್ಕೆ ಧ್ವನಿವರ್ಧಕ ಬೇಕಾಗುವುದಿಲ್ಲ. ಇಷ್ಟಾದ ಮೇಲೆ ನೀವೇ ಅವಳ ಮಾವನ ಊರಿಗೆ ಹೋಗಬೇಕು. ಜೀಪನ್ನು ಊರ ಹೊರಗೆ ನಿಲ್ಲಿಸಿ. ಫೋಟೋದವರನ್ನು ಕರೆದೊಯ್ಯಬೇಡಿ. ಆ ಮಾವನ ಎದುರು ಕೂತು "ತಪ್ಪಾಯಿತು" ಎನ್ನಿ, ಒಬ್ಬರಿಗೆ ಕೇಳುವಷ್ಟು ದನಿಯಲ್ಲಿ. ಏನಂದಿದ್ದರು ಎಂಬುದನ್ನು ಮತ್ತೆ ಎತ್ತಬೇಡಿ. ಪರೀಕ್ಷೆಗೆ ಮೊದಲು ಅವಳನ್ನು ಕಳಿಸಿಕೊಡಿ ಎಂದು ಕೇಳಿ. ನಾವು ಕೇಳಿದರೆ ಅವರು ಒಪ್ಪುವುದಿಲ್ಲ. ಕಟ್ಟಿದ ಗಂಟನ್ನು ಕಟ್ಟಿದವರೇ ಬಿಚ್ಚಬೇಕು.

ಬಿಸಿಯೂಟದ ಸಾಲಿನಲ್ಲಿ ಈಗಲೂ ಒಂದು ಜಾಗ ಖಾಲಿ ಇದೆ. ಮೊದಲು ಅದರ ಬಾಜೂ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಈಗ ಅಲ್ಲಿ ಕೂರಲು ನಂದಾ ಬಿಡುವುದಿಲ್ಲ. ಮೊನ್ನೆ ಹೊಸ ಹುಡುಗಿಯೊಬ್ಬಳು ಅಲ್ಲಿ ತಟ್ಟೆ ಇಡಲು ಬಂದಾಗ, "ಈ ಕಡೆ ಕುಂದ್ರು ಬಾ, ಅದು ಅಕಿ ಜಾಗಾ" ಎಂದು ತಾನೇ ಒತ್ತಿ ಕೂತು ಜಾಗ ಕೊಟ್ಟಳಂತೆ. ಮುಮತಾಜ್ ಅವರು ಏನೂ ಕೇಳದೆ ಬಡಿಸುತ್ತ ಮುಂದೆ ಹೋದರಂತೆ.

ಇಂತಿ,
ನಿಮ್ಮ ಸಭೆಯಲ್ಲಿ ಮೊಂಡಿ ಎನಿಸಿಕೊಂಡವಳ ತಾಯಿ