ಫೋರ್‌ಮನ್ ಕೊಠಡಿಯ ತೆರವು

ಅಬು ಹಮೂರ್, ದೋಹಾ

ನಿರ್ವಹಣಾ ವಿಭಾಗದ ವ್ಯವಸ್ಥಾಪಕರಾದ ಶ್ರೀಮಾನ್ ಟ್ರೆವರ್ ಅವರ ಸನ್ನಿಧಾನಕ್ಕೆ ಫೋರ್‌ಮನ್ ಹಸನಬ್ಬನು ಮಾಡುವ ಅರಿಕೆ ಏನೆಂದರೆ,

ಇಂದು ಬೆಳಿಗ್ಗೆ ತಮ್ಮ ಸಾಫ್ಟ್‌ವೇರ್ ನನ್ನ ಫೋನಿಗೆ ಒಂದು ಕೆಲಸವನ್ನು ಹಂಚಿತು: 'ಫೋರ್‌ಮನ್ ಕೊಠಡಿ ತೆರವು. ಟೆಕ್ನಿಷಿಯನ್: ಹಸನಬ್ಬ. ಅವಧಿ: ನಲವತ್ತು ನಿಮಿಷ.' ಇಪ್ಪತ್ತಾರು ವರ್ಷದ ಫೋರ್‌ಮನ್ ಹುದ್ದೆ ಹೋದದ್ದು ನನಗೆ ತಿಳಿದದ್ದು ಹೀಗೆ. ಈ ವಸತಿ ಕಾಂಪೌಂಡಿನ ಯಾವ ವಿಲ್ಲಾದ ಎ.ಸಿ. ಯಾವಾಗ ಕೈಕೊಡುತ್ತದೆಂದು ಆ ಸಾಫ್ಟ್‌ವೇರಿಗೆ ಕಲಿಸಿದ್ದು ನನ್ನ ನೋಟುಪುಸ್ತಕ. ಅದನ್ನು ಒಯ್ಯುವಾಗ ತಾವು ನಮ್ಮೂರ ಮಾತಿನಲ್ಲೇ, "ಹಸನಬ್ಬಾಕ, ಟೆನ್ಶನ್ ಬೇಡ ಮಾರಾಯ್ರೆ, ಸಿಸ್ಟಮ್ ಬಂದ್ರೂ ಬಾಸ್ ನೀವೇ" ಎಂದಿದ್ದಿರಿ.

ಕೊಠಡಿಯನ್ನು ಮೂವತ್ತೇ ನಿಮಿಷದಲ್ಲಿ ತೆರವು ಮಾಡಿ ಗುಡಿಸಿದ್ದೇನೆ. ಆದರೆ ಮೇಲ್ವಿಚಾರಕನಾದ ಫೋರ್‌ಮನ್ ತನ್ನ ಫೋನಿನಲ್ಲಿ 'ಒಪ್ಪಿಗೆ' ಒತ್ತದೆ ಯಾವ ಕೆಲಸವೂ ಮುಗಿದಂತಲ್ಲ ಎಂಬುದು ತಮ್ಮದೇ ನಿಯಮ. ಮೇಲ್ವಿಚಾರಕನ ಜಾಗದಲ್ಲಿ ಇನ್ನೂ ಇರುವ ನನ್ನ ಹೆಸರನ್ನು ಬದಲಿಸಲು ತಮ್ಮ ಕಚೇರಿ ಮರೆತಿದೆ. ಹುದ್ದೆ ಹೋಯಿತೆಂದು ತಾವೇ ಬಂದು ಬಾಯಿಬಿಟ್ಟು ಹೇಳುವವರೆಗೆ ನಾನು ಒಪ್ಪಿಗೆ ಒತ್ತುವುದಿಲ್ಲ. ಬರುವಾಗ ನೋಟುಪುಸ್ತಕವನ್ನು ತರಬೇಕಾಗಿ ಕೋರುತ್ತೇನೆ. ಕುರ್ಚಿಗಳನ್ನು ಹೊರಗೆ ಹಾಕಿರುವುದರಿಂದ ಇಬ್ಬರೂ ನಿಂತೇ ಮಾತಾಡಬೇಕಾದೀತು.

ಇನ್ನೂ ತಮ್ಮ ದಾಖಲೆಯಲ್ಲಿರುವ ಮೇಲ್ವಿಚಾರಕ,
ಹಸನಬ್ಬ